ಕ್ಯಾನ್ಸರ್‌ಕಾರಕ ವೈರಸ್‌ಗಳು: ಶೋಧದ ಇತಿಹಾಸ

ವೈರಸ್ಸಿನಿಂದಲೂ ಮನುಷ್ಯರಿಗೆ ಕ್ಯಾನ್ಸರ್ ಬರಬಹುದೆಂಬ ಮಾತನ್ನು ವೈದ್ಯಲೋಕ ಒಪ್ಪಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಕೋಳಿಯ ಗಡ್ಡೆಯನ್ನು ಅರೆದು, ಜೀವಕೋಶಗಳು ನುಸುಳದಂತೆ ಸೋಸಿದ ರಸವನ್ನು ಚುಚ್ಚಿದರೆ ಇನ್ನೊಂದು ಕೋಳಿಗೂ ಗಡ್ಡೆ ಬರುತ್ತದೆಂದು ನ್ಯೂಯಾರ್ಕಿನ ಪೇಟನ್ ರೌಸ್ 1911ರಲ್ಲೇ ತೋರಿಸಿದ್ದರು. ಕೋಳಿಯ ಸಂಗತಿ ಕೋಳಿಗಷ್ಟೇ ಎಂದು ಹೆಚ್ಚಿನವರು ಸುಮ್ಮನಾದರು. ರೌಸ್‌ಗೆ ನೊಬೆಲ್ ಸಿಕ್ಕಿದ್ದು 1966ರಲ್ಲಿ, 87ನೇ ವಯಸ್ಸಿಗೆ!

ಮನುಷ್ಯರಲ್ಲಿ ಸುಳಿವು ಸಿಕ್ಕಿದ್ದು ಉಗಾಂಡಾದಲ್ಲಿ. ಕಂಪಾಲಾದ ಮುಲಾಗೊ ಆಸ್ಪತ್ರೆಯ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್, ಮಕ್ಕಳ ದವಡೆಯಲ್ಲಿ ಭರದಿಂದ ಬೆಳೆಯುವ ಗಡ್ಡೆಯೊಂದನ್ನು 1958ರಲ್ಲಿ ವಿವರಿಸಿದರು. ಹಳೆಯ ಕಾರಿನಲ್ಲಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಸುತ್ತಿ ನಕ್ಷೆ ಮಾಡಿದಾಗ, ಮಳೆಯೂ ಸೆಕೆಯೂ ಹೆಚ್ಚಿರುವ ಕಡೆಯೇ ರೋಗವಿರುವುದು ತಿಳಿಯಿತು. 1961ರಲ್ಲಿ ಲಂಡನ್‌ನಲ್ಲಿ ಅವರ ಉಪನ್ಯಾಸ ಕೇಳಿದವರಲ್ಲಿ ರೌಸರ ಕೋಳಿ ವೈರಸ್ಸಿನ ಮೇಲೆ ಕೆಲಸ ಮಾಡಿದ್ದ ಆಂಥನಿ ಎಪ್‌ಸ್ಟೀನ್ ಇದ್ದರು. ಇದೂ ವೈರಸ್ಸಿನದೇ ಕೆಲಸವೆಂದು ಅವರಿಗೆ ಹೊಳೆಯಿತು. ಆದರೆ ಕಂಪಾಲಾದಿಂದ ವಿಮಾನದಲ್ಲಿ ತರಿಸಿದ ತುಣುಕುಗಳಲ್ಲಿ ಎರಡು ವರ್ಷ ಏನೂ ಕಾಣಲಿಲ್ಲ. 1963ರ ಡಿಸೆಂಬರಿನಲ್ಲಿ ಮಂಜು ಕವಿದು ವಿಮಾನ ಮ್ಯಾಂಚೆಸ್ಟರಿಗೆ ಹೋಯಿತು. ತಡವಾಗಿ ಕೈಸೇರಿದ ಶೀಶೆಯ ದ್ರವ ಕದಡಿತ್ತು. ಕೆಟ್ಟುಹೋಗಿದೆಯೆಂದು ಚೆಲ್ಲದೆ ಸೂಕ್ಷ್ಮದರ್ಶಕದಡಿ ಇಟ್ಟರು. ಗಡ್ಡೆಯಿಂದ ಕಳಚಿಕೊಂಡ ಜೀವಕೋಶಗಳು ಬಿಡಿಬಿಡಿಯಾಗಿ ತೇಲುತ್ತಿದ್ದವು. ಅವನ್ನೇ ಬೆಳೆಸಿ, ಈವಾನ್ ಬಾರ್ ಮತ್ತು ಬರ್ಟ್ ಅಚಾಂಗ್ ಜೊತೆ 1964ರಲ್ಲಿ ವೈರಸ್ಸನ್ನು ಕಂಡರು.

ತೊಡಕು ಶುರುವಾದದ್ದು ಆಮೇಲೆ. ಎಪ್‌ಸ್ಟೀನ್-ಬಾರ್ ವೈರಸ್ ಜಗತ್ತಿನ ಶೇ. 90ಕ್ಕೂ ಹೆಚ್ಚು ವಯಸ್ಕರ ಮೈಯಲ್ಲಿದೆ. ಕ್ಯಾನ್ಸರ್ ಬರುವುದು ಎಲ್ಲೋ ಕೆಲವರಿಗೆ. ಆಫ್ರಿಕಾದ ಬರ್ಕಿಟ್ ಗಡ್ಡೆಗೆ ಪದೇ ಪದೇ ಕಾಡುವ ಮಲೇರಿಯಾವೂ ಕೂಡಬೇಕು, ವರ್ಣತಂತುಗಳು ತುಂಡಾಗಿ ಅದಲುಬದಲಾಗಿ ಮಿಕ್ ಎಂಬ ಜೀನ್ ಅಂಕೆ ತಪ್ಪಬೇಕು. ವೈರಸ್ ಒಂದೇ ಸಾಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

1983-84ರಲ್ಲಿ ಜರ್ಮನಿಯ ಹರಾಲ್ಡ್ ಸೂರ್ ಹೌಸೆನ್ ತಂಡ ಗರ್ಭಕಂಠದ ಕ್ಯಾನ್ಸರಿನಲ್ಲಿ ಪ್ಯಾಪಿಲೋಮಾ ವೈರಸ್ಸಿನ 16 ಮತ್ತು 18ನೇ ಬಗೆಗಳನ್ನು ಪತ್ತೆಹಚ್ಚಿತು. ಈ ವೈರಸ್ಸಿನ ದಾಳಿ ಹೆಚ್ಚು ನೇರವಾದದ್ದು. ಕೋಶವಿಭಜನೆಗೆ ಕಡಿವಾಣ ಹಾಕುವ ಪಿ53 ಪ್ರೋಟೀನನ್ನು ಅದರ ಇ6 ಎಂಬ ಪ್ರೋಟೀನ್ ನಾಶಮಾಡಿಸುತ್ತದೆ, ಅಂಥದೇ ಕಡಿವಾಣವಾದ ಆರ್‌ಬಿ ಪ್ರೋಟೀನನ್ನು ಇ7 ನಿಷ್ಕ್ರಿಯಗೊಳಿಸುತ್ತದೆ. ಆದರೂ ಬಹುತೇಕ ಸೋಂಕುಗಳು ತಾವಾಗಿಯೇ ವಾಸಿಯಾಗುತ್ತವೆ; ಉಳಿದುಕೊಂಡದ್ದು ಕ್ಯಾನ್ಸರಾಗಲು ಸಾಮಾನ್ಯವಾಗಿ ದಶಕಗಳೇ ಬೇಕು. ಯಕೃತ್ತಿನ ಕ್ಯಾನ್ಸರ್ ತರುವ ಹೆಪಟೈಟಿಸ್ ಬಿ ವೈರಸ್ಸಿನ ದಾರಿ ಬೇರೆ: ಅದು ಹೆಚ್ಚಾಗಿ ಯಕೃತ್ತಿನಲ್ಲಿ ವರ್ಷಗಟ್ಟಲೆ ಉರಿಯೂತ ಉಳಿಸಿ ಕೆಡಿಸುತ್ತದೆ.

ಲಸಿಕೆ ಬಂದ ಮೇಲೆ ಅನುಮಾನಕ್ಕೆ ಎಡೆ ಉಳಿಯಲಿಲ್ಲ. ತೈವಾನ್ 1984ರಲ್ಲಿ ಶಿಶುಗಳಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕತೊಡಗಿತು. ಅಲ್ಲಿನ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರ್ ಇಳಿಯಿತು. ಪ್ಯಾಪಿಲೋಮಾ ಲಸಿಕೆ 2006ರಲ್ಲಿ ಬಳಕೆಗೆ ಬಂತು. ಮನುಷ್ಯರಲ್ಲಿ ಮೊದಲು ಪತ್ತೆಯಾದ ಕ್ಯಾನ್ಸರ್ ವೈರಸ್ ಎಪ್‌ಸ್ಟೀನ್-ಬಾರ್‌ಗೆ ಮಾತ್ರ ಇನ್ನೂ ಲಸಿಕೆಯಿಲ್ಲ.