ಅಜ್ಜ ಹಾಕದ ಅಪೀಲು: ಬೆಂಗಳೂರು ದೂರ ಇದ್ದ ಕಾಲದ ಕಥೆ

ಇವತ್ತಿನ ಕಂತು ಅಲಖನೂರಿನ ನಮ್ಮ ಮನಿ ಟ್ರಂಕಿನಿಂದ ಶುರು ಆಗ್ತದ. ಅದರೊಳಗ ಅಜ್ಜನ ಹೊಲದ ಬದುವಿನ ಕೇಸಿನ ಕಾಗದ ಇದ್ದವು. 1980ರ ದಶಕದ ಕೇಸು. ಕೆಳಗಿನ ಕೋರ್ಟಿನಲ್ಲಿ ಸೋಲು, ಜಿಲ್ಲಾ ಮಟ್ಟದ ಅಪೀಲಿನಲ್ಲೂ ಸೋಲು. ಮುಂದಿನ ಮೆಟ್ಟಿಲು ಹೈಕೋರ್ಟ್. ಅಲ್ಲಿಗೆ ಹೋದ ಒಂದು ಚೀಟಿಯೂ ಟ್ರಂಕಿನಲ್ಲಿಲ್ಲ. ಯಾಕ ಹೋಗಲಿಲ್ಲ ಅಂತ ಅಪ್ಪನ್ನ ಕೇಳಿದೆ. "ಬೆಂಗಳೂರಿಗೆ ಯಾರು ಹೋಗ್ಬೇಕಪಾ?" ಅಂದ್ರು.

ನಾನು ಬಿಕಾಂ ಓದಿದವ, ವಕೀಲ ಅಲ್ಲ. ಆದರೆ ಆ ಒಂದು ಮಾತಿನ ಹಿಂದೆ ನಮ್ಮ ಭಾಗದ ಇತಿಹಾಸವೇ ಇದೆ.

ಚಿಕ್ಕೋಡಿ, ಅಥಣಿ ಕಡೆಯ ಅಪೀಲು ಬ್ರಿಟಿಷರ ಕಾಲದಲ್ಲಿ 1862ರಲ್ಲಿ ಶುರುವಾದ ಮುಂಬೈ ಹೈಕೋರ್ಟಿಗೆ ಹೋಗ್ತಿತ್ತು. ರಾಯಬಾಗ ಮಾತ್ರ ಕೊಲ್ಲಾಪುರ ಸಂಸ್ಥಾನದ್ದು. 1949ರಲ್ಲಿ ಸಂಸ್ಥಾನ ವಿಲೀನವಾದ ಮೇಲೆ ಅದಕ್ಕೂ ಮುಂಬೈಯೇ ಆಯ್ತು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದ್ವಿ, ಹೈಕೋರ್ಟ್ ಬೆಂಗಳೂರಾಯ್ತು. ಕನ್ನಡದ ರಾಜ್ಯ ಸಿಕ್ಕಿತು, ಆದರೆ ಕೋರ್ಟು 600 ಕಿಲೋಮೀಟರಿನ ಹತ್ತಿರ ದೂರ ಹೋಯ್ತು.

ಅಪೀಲಿನಲ್ಲಿ ಪ್ರತಿ ತಾರೀಖಿಗೂ ಕಕ್ಷಿದಾರ ನಿಲ್ಲಬೇಕಂತಿಲ್ಲ. ಆದರೆ ವಕೀಲರನ್ನ ಹುಡುಕಬೇಕು, ತೀರ್ಪಿನ ನಕಲು ಕೊಡಬೇಕು, ವಕಾಲತ್ತಿಗೆ ಸಹಿ ಹಾಕಬೇಕು, ಫೀ ಮುಟ್ಟಿಸಬೇಕು. ಹತ್ತು ಗುಂಟೆ ಹೊಲಕ್ಕಾಗಿ ಇಷ್ಟೆಲ್ಲ ಮಾಡೋಕೆ ಹೋದ್ರ ಖರ್ಚೇ ಹೊಲವನ್ನ ನುಂಗ್ತಿತ್ತು. ಕಾನೂನಿನಲ್ಲಿ ಅಪೀಲಿನ ಹಕ್ಕು ಎಲ್ಲರಿಗೂ ಇತ್ತು, ಕೈಯಲ್ಲಿ ದುಡ್ಡಿದ್ದವರಿಗೆ ಮಾತ್ರ ಅದು ಉಪಯೋಗಕ್ಕೆ ಬರ್ತಿತ್ತು.

ಇದಕ್ಕಾಗಿಯೇ ಉತ್ತರ ಕರ್ನಾಟಕದ ವಕೀಲರು ವರ್ಷಗಟ್ಟಲೆ ಹೋರಾಡಿದರು. ಕೊನೆಗೆ 2008ರ ಜುಲೈನಲ್ಲಿ ಧಾರವಾಡ ಮತ್ತು ಕಲಬುರಗಿಯಲ್ಲಿ ಸಂಚಾರಿ ಪೀಠ ಶುರುವಾದವು, 2013ರ ಆಗಸ್ಟ್‌ನಲ್ಲಿ ಕಾಯಂ ಆದವು. ಬೆಳಗಾವಿ ಜಿಲ್ಲೆ ಧಾರವಾಡ ಪೀಠಕ್ಕೆ ಬಂತು. ಈಗ ರಾಯಬಾಗದವರು ಬೆಳಿಗ್ಗೆ ಹೊರಟು, ವಕೀಲರನ್ನ ಕಂಡು, ಸಂಜೆಗೆ ಮನಿಗೆ ಬರಬಹುದು.

ಪೀಠ ಅವತ್ತೇ ಇದ್ದಿದ್ರೆ ಅಜ್ಜ ಗೆಲ್ತಿದ್ರಾ? ನಾನು ಹೌದು ಅನ್ನಂಗಿಲ್ಲ. 1976ರಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೇ ಕಲಮು ತಿದ್ದುಪಡಿಯಾಯ್ತು. ಎರಡನೇ ಅಪೀಲಿನಲ್ಲಿ ಹೈಕೋರ್ಟ್ ನೋಡೋದು ಕಾನೂನಿನ ಮಹತ್ವದ ಪ್ರಶ್ನೆ ಇದೆಯಾ ಅಂತ. ಬದು ಎಲ್ಲಿತ್ತು, ಯಾವ ಸಾಕ್ಷಿಯನ್ನ ನಂಬಬೇಕು ಅನ್ನೋದನ್ನ ಸಾಮಾನ್ಯವಾಗಿ ಮತ್ತೆ ತೂಗೋದಿಲ್ಲ. ಅಂದ್ರ ಅಜ್ಜನ ಅಪೀಲು ಬಾಗಿಲಲ್ಲೇ ನಿಲ್ಲಬಹುದಿತ್ತು. ಆದರೆ "ಇದರಲ್ಲಿ ಕಾನೂನಿನ ಪ್ರಶ್ನೆ ಇಲ್ಲ" ಅಂತ ಹೇಳಬೇಕಾದದ್ದು ನ್ಯಾಯಾಧೀಶರು. ನಮ್ಮ ಮನೆಯಲ್ಲಿ ಅದನ್ನ ಹೇಳಿದ್ದು ಬೆಂಗಳೂರಿನ ದೂರ. ನನಗೆ ನೋವಾಗೋದು ಅಲ್ಲೇ.

ಇದೇ ನೋವು ಗಡಿಯಾಚೆಗೂ ಇತ್ತು. 2025ರ ಆಗಸ್ಟ್‌ನಲ್ಲಿ ಕೊಲ್ಲಾಪುರದಲ್ಲಿ ಮುಂಬೈ ಹೈಕೋರ್ಟಿನ ಸಂಚಾರಿ ಪೀಠ ಶುರುವಾಯ್ತು. ಕೊಲ್ಲಾಪುರ, ಸಾಂಗಲಿಯವರಿಗೆ ಮುಂಬೈ ಪ್ರಯಾಣ ತಪ್ಪಿತು. ನಿಪ್ಪಾಣಿಯವರಿಗೆ ಧಾರವಾಡಕ್ಕಿಂತ ಕೊಲ್ಲಾಪುರವೇ ಹತ್ತಿರ, ಆದರೆ ಅವರ ಅಪೀಲು ಧಾರವಾಡಕ್ಕೇ ಹೋಗಬೇಕು. ಯಾಕಂದ್ರ ಹೈಕೋರ್ಟಿನ ಗಡಿ ಅಂದ್ರ ರಾಜ್ಯದ ಗಡಿ.

ಕೊನೆಗೊಂದು ಮಾತು. ನಿಮ್ಮ ಮನಿಯಲ್ಲೂ ಇಂಥ ಕೇಸು ನಡೆದಿದ್ರೆ ದಿನ ಲೆಕ್ಕ ಇಡ್ರಿ. ಹೈಕೋರ್ಟಿಗೆ ಎರಡನೇ ಅಪೀಲು ಹಾಕಲು 90 ದಿನ. ತೀರ್ಪಿನ ನಕಲು ಪಡೆಯಲು ಹಿಡಿದ ಸಮಯವನ್ನ ಆ ಲೆಕ್ಕಕ್ಕೆ ಹಿಡಿಯೋದಿಲ್ಲ, ಆದರೂ ನಕಲಿಗೆ ತಡ ಮಾಡದೆ ಅರ್ಜಿ ಹಾಕ್ರಿ. ಹಾಕಬೇಕೋ ಬೇಡವೋ ಅನ್ನೋದನ್ನ ವಕೀಲರ ಜೊತೆ ಕೂತು ತೀರ್ಮಾನಿಸ್ರಿ. ಅಜ್ಜನ ಹಂಗ ದೂರಕ್ಕೆ ಹೆದರಿ ಸುಮ್ಮನಾಗಬ್ಯಾಡ್ರಿ.

ಮುಂದಿನ ಕಂತಿನಲ್ಲಿ ಸಿಗೋಣ. ಶರಣ್ರಿ.