ಬೆಳ್ಳುಳ್ಳಿ: ಮಡಿಯ ಮನೆಗೆ ಮದ್ದಿನ ಬಾಗಿಲಿನಿಂದ

ಸಂಸ್ಕೃತದಲ್ಲಿ ಒಂದು ಹಳೆಯ ಲೋಕೋಕ್ತಿ ಇದೆ. ಬೆಳ್ಳುಳ್ಳಿಯನ್ನು ತಿಂದದ್ದಾಯಿತು, ಆದರೂ ರೋಗ ಹೋಗಲಿಲ್ಲ ಎಂಬುದು ಅದರ ಅರ್ಥ. ಮಾಡಬಾರದ್ದನ್ನು ಮಾಡಿಯೂ ಫಲ ಸಿಗದವನ ಪೇಚಾಟವನ್ನು ಹೇಳಲು ಪಂಡಿತರು ಈ ಮಾತನ್ನು ಬಳಸುತ್ತಾರೆ. ಬೆಳ್ಳುಳ್ಳಿಯ ಚರಿತ್ರೆಯೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ. ಅದನ್ನು ತಿನ್ನಬಾರದು ಎಂಬ ನಿಷೇಧವಿತ್ತು. ಕಾಯಿಲೆ ಬಂದಾಗ ತಿನ್ನಬಹುದು ಎಂಬ ರಿಯಾಯಿತಿಯೂ ಇತ್ತು. ತಿಂದರೂ ಗುಣವಾದೀತೇ ಎಂಬ ಸಂಶಯವಂತೂ ಇದ್ದೇ ಇತ್ತು.

ಈ ಚರಿತ್ರೆ ಇಂದಿಗೂ ಮನೆಮನೆಯಲ್ಲಿ ಬದುಕಿರುವ ಸೀಮೆ ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳದ್ದು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ ಮತ್ತು ಹೊಸನಗರ ತಾಲ್ಲೂಕಿನ ಹುಲಿಕಲ್, ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳ ಸಾಲಿನಲ್ಲಿವೆ. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಗದ್ದೆಯ ನಾಟಿ, ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವುದು ಎರಡೂ ಈ ಮಳೆಯ ನಡುವೆಯೇ ಆಗಬೇಕು. ಬಟ್ಟೆ ಒಣಗದ, ಗೋಡೆಯ ಬೂಷ್ಟು ಬಿಡದ ಆ ತಿಂಗಳುಗಳಲ್ಲಿ ಮೂಗು ಕಟ್ಟುವುದು, ಹಣೆ ಸಿಡಿಯುವುದು, ತಲೆ ಭಾರವಾಗುವುದು ಮಾಮೂಲು. ಈಗ ಎಲ್ಲರೂ ಇದನ್ನು ‘ಸೈನಸ್’ ಎನ್ನುತ್ತಾರೆ. ಮೊದಲು ‘ಥಂಡಿ ತಲೆಗೇರಿದೆ’ ಎನ್ನುತ್ತಿದ್ದರು. ಆಯುರ್ವೇದದ ಪಂಡಿತರ ಬಾಯಲ್ಲಿ ಅದು ‘ಪೀನಸ’.

ಇದಕ್ಕೆ ಮಲೆನಾಡಿನ ಅಡುಗೆಮನೆಯಲ್ಲಿ ಸಿದ್ಧವಿರುವ ಮದ್ದುಗಳು ಹಲವು. ಬೆಳ್ಳುಳ್ಳಿ, ಕಾಳುಮೆಣಸು ಜಜ್ಜಿ ಹಾಕಿದ ಬಿಸಿ ಸಾರು. ಕೆಂಡದಲ್ಲಿ ಸುಟ್ಟ ಬೆಳ್ಳುಳ್ಳಿಯ ಎಸಳು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯನ್ನು ಎದೆಗೂ ನೆತ್ತಿಗೂ ತಿಕ್ಕುವುದು. ಶುಂಠಿಯನ್ನೋ ಮೆಣಸನ್ನೋ ತೇಯ್ದು ಹಣೆಗೆ ಪಟ್ಟು ಹಾಕುವುದು. ಹಸುಗೂಸಿಗೆ ಸ್ನಾನವಾದ ಮೇಲೆ ಬೆಳ್ಳುಳ್ಳಿ ಸಿಪ್ಪೆಯ ಹೊಗೆ. ಇವುಗಳಲ್ಲಿ ಯಾವುದರಲ್ಲೂ ಹಸಿ ಬೆಳ್ಳುಳ್ಳಿಯ ರಸ ನೇರವಾಗಿ ಮೂಗಿಗೆ ಇಳಿಯುವುದಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಇದು ಆಕಸ್ಮಿಕವಲ್ಲ.

ನಿಷೇಧದ ಹಿಂದೆ

ಕನ್ನಡದ ಹೆಸರು ಸರಳ. ಬೆಳ್ಳಗಿನ ಉಳ್ಳಿ, ಅದೇ ಬೆಳ್ಳುಳ್ಳಿ. ಸಂಸ್ಕೃತದಲ್ಲಿ ಲಶುನ ಎಂಬುದರ ಜೊತೆಗೆ ‘ರಸೋನ’ ಎಂಬ ಹೆಸರೂ ಇದೆ. ಆರು ರಸಗಳಲ್ಲಿ ಹುಳಿಯೊಂದನ್ನು ಬಿಟ್ಟು ಉಳಿದ ಐದೂ ಇದರಲ್ಲಿವೆ, ಒಂದು ರಸ ಊನವಾದ್ದರಿಂದ ರಸೋನ ಎಂದು ವೈದ್ಯರು ಅದನ್ನು ಬಿಡಿಸಿ ಹೇಳಿದರು.

ಇಷ್ಟು ಗುಣವುಳ್ಳದ್ದನ್ನು ಮನುಸ್ಮೃತಿ ದ್ವಿಜರಿಗೆ ವರ್ಜ್ಯವೆಂದಿತು. ಜೈನರು ನೆಲದಡಿಯ ಗಡ್ಡೆಗಳನ್ನೇ ತಿನ್ನುವುದಿಲ್ಲವಾದ್ದರಿಂದ ಬೆಳ್ಳುಳ್ಳಿಯನ್ನೂ ಬಿಟ್ಟರು. ಬೌದ್ಧ ವಿನಯ ನಿಯಮಗಳು ಭಿಕ್ಷುಗಳಿಗೆ ಅದನ್ನು ನಿಷೇಧಿಸಿದರೂ ಕಾಯಿಲೆಯಿದ್ದರೆ ತಿನ್ನಬಹುದು ಎಂದವು. ಹೊಸನಗರ ತಾಲ್ಲೂಕಿನಲ್ಲಿ ಹೊಂಬುಜದಂಥ ಪ್ರಾಚೀನ ಜೈನ ಕ್ಷೇತ್ರವೂ ಇದೆ, ರಾಮಚಂದ್ರಾಪುರದಂಥ ಮಠವೂ ಇದೆ. ಇಂಥ ನೆರೆಹೊರೆಯಲ್ಲಿ ಬೆಳ್ಳುಳ್ಳಿ ಎಲ್ಲ ಮನೆಗಳಿಗೂ ಸಲೀಸಾಗಿ ಬರುವಂತಿರಲಿಲ್ಲ. ಇಂದು ನಿತ್ಯದ ಒಗ್ಗರಣೆಗೆ ಅದನ್ನು ಬಳಸುವ ಎಷ್ಟೋ ಮನೆಗಳಲ್ಲಿ ಹಬ್ಬ, ಶ್ರಾದ್ಧ, ಪೂಜೆಯ ದಿನ ಅದು ಒಳಗೆ ಬರುವುದಿಲ್ಲ. ಆದರೆ ಬಾಣಂತಿಗೆ, ಶೀತವಾದವರಿಗೆ ಬೇಕಾದಾಗ ಯಾರ ಆಕ್ಷೇಪವೂ ಇಲ್ಲ. ಆಗ ಅದು ಆಹಾರವಲ್ಲ, ಮದ್ದು.

ಕೊಲೆಗಾರನನ್ನು ಹುಡುಕುವಾಗ ಸಿಕ್ಕ ಗ್ರಂಥ

ಈ ರಿಯಾಯಿತಿ ಎಷ್ಟು ಹಳೆಯದು ಎಂಬುದಕ್ಕೆ ಸಾಕ್ಷಿ ದೊರೆತದ್ದು ಮಲೆನಾಡಿಗೆ ಬಲು ದೂರದಲ್ಲಿ. 1888ರಲ್ಲಿ ಮಧ್ಯ ಏಷ್ಯಾದ ದಾರಿಯಲ್ಲಿ ಆಂಡ್ರೂ ಡಾಲ್‌ಗ್ಲೀಶ್ ಎಂಬ ಸ್ಕಾಟ್ಲೆಂಡಿನ ವ್ಯಾಪಾರಿಯ ಕೊಲೆಯಾಯಿತು. ಕೊಲೆಗಾರನ ಜಾಡು ಹಿಡಿದು ಹೊರಟ ಬ್ರಿಟಿಷ್ ಸೈನ್ಯಾಧಿಕಾರಿ ಹ್ಯಾಮಿಲ್ಟನ್ ಬೋವರ್‌ಗೆ 1890ರಲ್ಲಿ ಕುಚಾ ಎಂಬ ಓಯಸಿಸ್ ಪಟ್ಟಣದಲ್ಲಿ ಭೂರ್ಜಪತ್ರದ ಹಸ್ತಪ್ರತಿಯೊಂದು ಸಿಕ್ಕಿತು. ಗುಪ್ತರ ಕಾಲದ ಲಿಪಿಯಲ್ಲಿದ್ದ ಅದನ್ನು ವಿದ್ವಾಂಸ ರುಡಾಲ್ಫ್ ಹರ್ನ್ಲೆ ಓದಿ ಪ್ರಕಟಿಸಿದರು. ಬೋವರ್ ಹಸ್ತಪ್ರತಿ ಎಂದೇ ಹೆಸರಾದ ಅದು ಈಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ.

ಅದರ ಮೊದಲ ಭಾಗ ಶುರುವಾಗುವುದೇ ಬೆಳ್ಳುಳ್ಳಿಯ ಮಹಿಮೆಯಿಂದ. ಅಮೃತ ಕದ್ದು ಕುಡಿದ ಅಸುರನ ತಲೆಯನ್ನು ವಿಷ್ಣು ಕತ್ತರಿಸಿದಾಗ ಭೂಮಿಗೆ ಬಿದ್ದ ಹನಿಗಳೇ ಬೆಳ್ಳುಳ್ಳಿಯಾದವಂತೆ. ಅಮೃತದಿಂದ ಹುಟ್ಟಿದ್ದರಿಂದ ರೋಗ ಕಳೆಯುತ್ತದೆ, ಅಸುರನ ಮೈಯ ಸಂಪರ್ಕ ಆದದ್ದರಿಂದ ಬ್ರಾಹ್ಮಣರು ತಿನ್ನುವುದಿಲ್ಲ ಎಂಬುದು ಅಲ್ಲಿನ ವಿವರಣೆ. ಅದಕ್ಕೊಂದು ಉಪಾಯವನ್ನೂ ಗ್ರಂಥ ಹೇಳುತ್ತದೆ. ಹಸುವನ್ನು ಮೂರು ರಾತ್ರಿ ಅರೆಹೊಟ್ಟೆಯಲ್ಲಿಟ್ಟು, ಬಳಿಕ ಹುಲ್ಲಿನ ಜೊತೆ ಬೆಳ್ಳುಳ್ಳಿಯ ಸೊಪ್ಪು ತಿನ್ನಿಸಿ, ಅದರ ಹಾಲನ್ನು ಬ್ರಾಹ್ಮಣನು ಸೇವಿಸಬಹುದು! ಧರ್ಮವನ್ನೂ ಬಿಡದೆ ಮದ್ದನ್ನೂ ಬಿಡದೆ ನಡೆಯುವ ಜಾಣತನ ಸುಮಾರು 1,500 ವರ್ಷಗಳಷ್ಟು ಹಳೆಯದು.

ಇಂಥ ಶಾಸ್ತ್ರವಿದ್ಯೆ ಮಲೆನಾಡಿಗೆ ಅಪರಿಚಿತವೇನೂ ಆಗಿರಲಿಲ್ಲ. ಇಂದಿನ ಹೊಸನಗರ ತಾಲ್ಲೂಕಿನ ನಗರ, ಅಂದರೆ ಅಂದಿನ ಬಿದನೂರು, ಕೆಳದಿ ಅರಸರ ರಾಜಧಾನಿಯಾಗಿತ್ತು. ಅಲ್ಲಿಂದ ಆಳಿದ ಬಸವಪ್ಪ ನಾಯಕ 1709ರಲ್ಲಿ ರಚಿಸಿದ ಸಂಸ್ಕೃತ ವಿಶ್ವಕೋಶ ‘ಶಿವತತ್ತ್ವರತ್ನಾಕರ’ದಲ್ಲಿ ಪಾಕಶಾಸ್ತ್ರಕ್ಕೂ ವೈದ್ಯಕ್ಕೂ ಜಾಗವಿದೆ. ಸಾಗರ ತಾಲ್ಲೂಕಿನ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಈ ನಾಡಿನ ತಾಳೆಗರಿಗಳ ದೊಡ್ಡ ಸಂಗ್ರಹವೇ ಇದೆ.

ಮೂಗಿಗೆ ಬಿಡುವ ಮದ್ದು

ಹಾಗಾದರೆ ಬೆಳ್ಳುಳ್ಳಿಯ ರಸವನ್ನು ಮೂಗಿಗೆ ಹಾಕುವ ಪದ್ಧತಿ ಇರಲೇ ಇಲ್ಲವೇ? ಇತ್ತು. ಮೂಗಿನ ಮೂಲಕ ಔಷಧ ಕೊಡುವುದಕ್ಕೆ ಆಯುರ್ವೇದದಲ್ಲಿ ‘ನಸ್ಯ’ ಎಂದು ಹೆಸರು. ಚರಕ ಸಂಹಿತೆ ಬಿಕ್ಕಳಿಕೆ ಮತ್ತು ಉಬ್ಬಸದ ಚಿಕಿತ್ಸೆಯಲ್ಲಿ ಬೆಳ್ಳುಳ್ಳಿ, ಈರುಳ್ಳಿಗಳ ನಸ್ಯವನ್ನು ಹೇಳುತ್ತದೆ. ಆದರೆ ಅದು ವೈದ್ಯನು ರೋಗಿಯನ್ನು ನೋಡಿ, ಅಳತೆ ಮಾಡಿ ಕೊಡುವಂಥದ್ದು. ಯಾರಿಗೆ ನಸ್ಯ ಕೂಡದು ಎಂಬ ಪಟ್ಟಿಯೂ ಅದೇ ಶಾಸ್ತ್ರಗಳಲ್ಲಿದೆ. ಹೊಸದಾಗಿ ನೆಗಡಿಯಾದವರಿಗೆ ಕೂಡದು. ಮೋಡ ಕವಿದ ದಿನ ಕೂಡದು. ವಾಗ್ಭಟನ ಅಷ್ಟಾಂಗಹೃದಯದ ಪ್ರಕಾರ ಏಳು ವರ್ಷದೊಳಗಿನ ಮಕ್ಕಳಿಗೂ ಎಂಬತ್ತು ದಾಟಿದವರಿಗೂ ಕೂಡದು. ಆಷಾಢದ ಮಳೆಯಲ್ಲಿ ನೆಗಡಿಯಾಗಿ ಮಲಗಿದ ಮಗುವಿನ ಮೂಗಿಗೆ ರಸ ಹಿಂಡಲು ಹೊರಟವರನ್ನು ಈ ಪಟ್ಟಿ ಮೂರು ಕಡೆ ತಡೆಯುತ್ತದೆ.

ಖಾರದ ಮದ್ದು ಮೂಗಿಗೆ ಹೋಗಬೇಕಾದರೆ ವೈದ್ಯ ಬೇಕು, ಸಾರಿಗೂ ಎಣ್ಣೆಗೂ ಮನೆಯವರೇ ಸಾಕು. ಅಡುಗೆಮನೆಯ ಮದ್ದುಗಳು ಈ ಗಡಿಯೊಳಗೇ ನಿಂತಿವೆ.

ವಿಜ್ಞಾನ ಕಂಡದ್ದು

ಬೆಳ್ಳುಳ್ಳಿಯ ಘಾಟಿನ ಗುಟ್ಟು ಬಯಲಾದದ್ದು 20ನೇ ಶತಮಾನದಲ್ಲಿ. 1944ರಲ್ಲಿ ಅಮೆರಿಕದ ಚೆಸ್ಟರ್ ಕವಲಿಟೊ ಮತ್ತು ಜಾನ್ ಬೈಲಿ ಅದರಿಂದ ಅಲಿಸಿನ್ ಎಂಬ ರಾಸಾಯನಿಕವನ್ನು ಬೇರ್ಪಡಿಸಿ, ಅದು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ ಎಂದು ತೋರಿಸಿದರು. ಇಡಿಯಾದ ಎಸಳಿನಲ್ಲಿ ಅಲಿಸಿನ್ ಇರುವುದಿಲ್ಲ. ಜಜ್ಜಿದಾಗ ಎಸಳಿನೊಳಗೆ ಬೇರೆ ಬೇರೆಯಾಗಿದ್ದ ಅಲಿಯಿನ್ ಎಂಬ ವಸ್ತುವೂ ಒಂದು ಕಿಣ್ವವೂ ಕಲೆತು ಅದು ಹುಟ್ಟುತ್ತದೆ. ಬಿಸಿ ತಾಗಿದರೆ ಆ ಕಿಣ್ವ ಕೆಡುತ್ತದೆ. ಆದ್ದರಿಂದ ಸುಟ್ಟ, ಬೇಯಿಸಿದ ಬೆಳ್ಳುಳ್ಳಿ ಸೌಮ್ಯ. ಬಿಸಿ ಸಾರು ಕುಡಿದಾಗ ಮೂಗು ಬಿಟ್ಟಂತಾಗುವುದರಲ್ಲಿ ಹಬೆಗೂ ಮೆಣಸಿನ ಖಾರಕ್ಕೂ ದೊಡ್ಡ ಪಾಲಿದೆ.

ಗಾಜಿನ ತಟ್ಟೆಯಲ್ಲಿ ರೋಗಾಣುವನ್ನು ತಡೆದದ್ದು ದೇಹದಲ್ಲೂ ತಡೆಯುತ್ತದೆ ಎನ್ನಲಾಗದು. ನೆಗಡಿಗೆ ಬೆಳ್ಳುಳ್ಳಿಯ ಉಪಯೋಗವನ್ನು ಕುರಿತ 2014ರ ಕಾಕ್ರೇನ್ ವಿಮರ್ಶೆಗೆ ಒಪ್ಪುವಂಥ ಪ್ರಯೋಗ ಸಿಕ್ಕಿದ್ದು ಒಂದೇ. ಅದರಲ್ಲಿ ಪಾಲ್ಗೊಂಡವರು 146 ಜನ. ಬೆಳ್ಳುಳ್ಳಿ ಮಾತ್ರೆ ತಿಂದವರಿಗೆ ನೆಗಡಿ ಕಡಿಮೆ ಬಂದಿತ್ತು ನಿಜ, ಆದರೆ ಒಂದೇ ಪ್ರಯೋಗದಿಂದ ತೀರ್ಮಾನಕ್ಕೆ ಬರಲಾಗದು ಎಂದು ವಿಮರ್ಶಕರು ಹೇಳಿದರು.

ಸೈನಸ್ ಎಂಬುದು ಕಾಯಿಲೆಯ ಹೆಸರೂ ಅಲ್ಲ. ಅದು ಕೆನ್ನೆ, ಹಣೆಯ ಮೂಳೆಗಳೊಳಗಿನ ಗಾಳಿಯ ಗೂಡು. ಕೆನ್ನೆಯ ಗೂಡನ್ನು ಇಂಗ್ಲೆಂಡಿನ ವೈದ್ಯ ನಥಾನಿಯಲ್ ಹೈಮೋರ್ 1651ರಲ್ಲಿ ವಿವರಿಸಿದ. ಈ ಗೂಡುಗಳು ಮೂಗಿಗೆ ತೆರೆಯುವ ಕಂಡಿಗಳು ತೀರ ಕಿರಿದು, ಊತ ಬಂದಾಗ ಅವೂ ಮುಚ್ಚಿಕೊಳ್ಳುತ್ತವೆ. ಮೂಗಿಗೆ ಹಿಂಡಿದ ರಸ ಅಲ್ಲಿಗೆ ತಲುಪುವುದು ಕಷ್ಟ. ಅದು ತಲುಪುವುದು ಮೂಗಿನ ಒಳಪೊರೆಗೆ. ಹಸಿ ಬೆಳ್ಳುಳ್ಳಿಯನ್ನು ಹೊರಚರ್ಮಕ್ಕೆ ಬಹುಹೊತ್ತು ಕಟ್ಟಿದರೇ ಬೊಬ್ಬೆ ಏಳುತ್ತದೆ, ಒಳಪೊರೆ ಇನ್ನೂ ಮೃದು.

2021ರಲ್ಲಿ ಟಿಕ್‌ಟಾಕ್ ವಿಡಿಯೊಗಳಲ್ಲಿ ಮೂಗಿಗೆ ಬೆಳ್ಳುಳ್ಳಿ ಎಸಳು ತುರುಕಿಕೊಂಡು, ತೆಗೆದಾಗ ಸುರಿಯುವ ಸಿಂಬಳವನ್ನು ತೋರಿಸುವ ಹುಚ್ಚು ವಿದೇಶಗಳಲ್ಲಿ ಹಬ್ಬಿತು. ಭಾರತದಲ್ಲಿ ಆ ಆ್ಯಪ್ 2020ರಲ್ಲೇ ನಿಷೇಧವಾಗಿದ್ದರೂ ಇಂಥ ಸಲಹೆಗಳು ಬೇರೆ ದಾರಿಗಳಿಂದ ನಮ್ಮ ಮೊಬೈಲ್‌ಗಳಿಗೂ ಬರುತ್ತವೆ. ಸುರಿದದ್ದು ಸೈನಸ್ಸಿನ ಕಫವಲ್ಲ, ತಡೆದು ನಿಂತಿದ್ದ ಮತ್ತು ಉರಿಗೆ ಹೊಸದಾಗಿ ಒಸರಿದ ಸಿಂಬಳ ಎಂದು ವೈದ್ಯರು ಎಚ್ಚರಿಸಿದರು.

ಬಹುಪಾಲು ಸೈನಸ್ ತೊಂದರೆ ವೈರಸ್ಸಿನಿಂದ ಬರುವಂಥದ್ದು, ವಾರ ಹತ್ತು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಅಷ್ಟು ದಿನ ಬೆಳ್ಳುಳ್ಳಿ ಸಾರು ಕುಡಿಯಲು ಅಡ್ಡಿಯಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮದ್ದಿನ ಹೆಸರಿನಲ್ಲಿ ಹಸಿ ಬೆಳ್ಳುಳ್ಳಿಯನ್ನು ಹೆಚ್ಚಾಗಿ ತಿನ್ನುವ ಮುನ್ನ ವೈದ್ಯರನ್ನು ಕೇಳಬೇಕು. ಹಸುಗೂಸಿಗೆ ಹೊಗೆ ಹಾಕುವ ರೂಢಿಯನ್ನು ಬಿಡುವುದೇ ಮೇಲು, ಯಾವ ಹೊಗೆಯೂ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಹತ್ತು ದಿನ ಕಳೆದರೂ ನೋವು ಇಳಿಯದಿದ್ದರೆ, ಜ್ವರ ಏರಿದರೆ ವೈದ್ಯರಿಗೆ ತೋರಿಸಬೇಕು. ಕಣ್ಣಿನ ಸುತ್ತ ಊತ ಬಂದರೆ ಅಥವಾ ದೃಷ್ಟಿ ಮಂಜಾದರೆ ಒಂದು ದಿನವೂ ಕಾಯದೆ ಆಸ್ಪತ್ರೆ ಸೇರಬೇಕು. ಬೆಳ್ಳುಳ್ಳಿ ತಿಂದರೂ ರೋಗ ಹೋಗದಿರಬಹುದು ಎಂಬುದನ್ನು ನಮ್ಮ ಹಿರಿಯರು ಗಾದೆ ಮಾಡಿಯೇ ಇಟ್ಟಿದ್ದಾರಲ್ಲ!