ಕೀಲು ಹೊಸದು, ತೋಳು ಹಳೆಯದು

ಮಲೆ ಮಹದೇಶ್ವರನ ಭಕ್ತರು ಬೀಸು ಕಂಸಾಳೆಗೆ ನಿಂತರೆ ತೋಳು ತಲೆಯ ಮೇಲೆ, ಬೆನ್ನ ಹಿಂದೆ, ಪಕ್ಕಕ್ಕೆ ಹೀಗೆ ಎಲ್ಲ ದಿಕ್ಕಿಗೂ ಸುತ್ತುತ್ತದೆ. ಮನುಷ್ಯದೇಹದಲ್ಲಿ ಇಷ್ಟು ಸಲೀಸಾಗಿ ತಿರುಗುವ ಕೀಲು ಮತ್ತೊಂದಿಲ್ಲ. ಭುಜದ ಗುಳಿ ಆಳವಿಲ್ಲದ್ದು. ತೋಳುಮೂಳೆಯ ಗುಂಡು ಅದರಲ್ಲಿ ನಿಲ್ಲುವುದು ಮುಖ್ಯವಾಗಿ ಸುತ್ತಲಿನ ಸ್ನಾಯುಗಳ ಬಲದಿಂದ. ಆದ್ದರಿಂದಲೇ ಸವೆದ ಕೀಲನ್ನು ಬದಲಿಸಿದ ಮಾತ್ರಕ್ಕೆ ತೋಳು ಏಳುವುದಿಲ್ಲ. ವೈದ್ಯರು ಈ ಪಾಠ ಕಲಿಯಲು ಬಹುಕಾಲ ಹಿಡಿಯಿತು.

ಪ್ಯಾರಿಸಿನ ಶಸ್ತ್ರವೈದ್ಯ ಜೂಲ್ ಎಮಿಲ್ ಪೆಯಾನ್ 1893ರಲ್ಲಿ ಕ್ಷಯದಿಂದ ಭುಜ ಹಾಳಾಗಿದ್ದ 37 ವರ್ಷದ ರೋಗಿಗೆ ಪ್ಲಾಟಿನಂ ಮತ್ತು ರಬ್ಬರಿನ ಕೀಲು ಜೋಡಿಸಿದರು. ಅದನ್ನು ತಯಾರಿಸಿಕೊಟ್ಟವರು ಒಬ್ಬ ದಂತವೈದ್ಯರು. ಸೋಂಕು ಮರುಕಳಿಸಿದ್ದರಿಂದ ಸುಮಾರು ಎರಡು ವರ್ಷಗಳ ನಂತರ ಅದನ್ನು ಹೊರತೆಗೆಯಬೇಕಾಯಿತು.

ಬಾಸ್ಟನ್ನಿನ ಅರ್ನೆಸ್ಟ್ ಕಾಡ್‌ಮನ್ 1934ರಲ್ಲಿ ಭುಜದ ಬಗ್ಗೆಯೇ ಒಂದು ಗ್ರಂಥ ಪ್ರಕಟಿಸಿದರು. ಮುಂದೆ ಬಾಗಿ, ತೋಳನ್ನು ಸಡಿಲಬಿಟ್ಟು ಗಡಿಯಾರದ ಲೋಲಕದಂತೆ ತೂಗುವ ವ್ಯಾಯಾಮ ಇಂದಿಗೂ ಅವರ ಹೆಸರಿನಲ್ಲಿದೆ. ನ್ಯೂಯಾರ್ಕಿನ ಚಾರ್ಲ್ಸ್ ನೀರ್ 1951ರಲ್ಲಿ, ತೋಳುಮೂಳೆಯ ತಲೆ ಚೂರಾದವರಿಗೆ ಲೋಹದ ಗುಂಡು ಅಳವಡಿಸತೊಡಗಿದರು. 1974ರಲ್ಲಿ ಸಂಧಿವಾತದ ರೋಗಿಗಳ ಅನುಭವವನ್ನೂ ಪ್ರಕಟಿಸಿದರು. ನಂತರದ ವ್ಯಾಯಾಮಕ್ಕೆ ಅವರು ಶಸ್ತ್ರಕ್ರಿಯೆಯಷ್ಟೇ ಮಹತ್ವ ಕೊಟ್ಟರು.

ಆದರೆ ವಯಸ್ಸಾದವರಲ್ಲಿ ತೋಳನ್ನು ಎತ್ತುವ ಸ್ನಾಯುರಜ್ಜುಗಳೇ ಹರಿದುಹೋಗಿರುವುದುಂಟು. ಅಂಥವರಿಗೆ ಫ್ರಾನ್ಸಿನ ಪಾಲ್ ಗ್ರಾಮೋಂ 1985ರಲ್ಲಿ ದಾರಿ ತೋರಿದರು. ಅವರು ಗುಂಡನ್ನು ಗುಳಿಯ ಜಾಗದಲ್ಲೂ ಗುಳಿಯನ್ನು ತೋಳಿನ ಕಡೆಗೂ ಇಟ್ಟರು. ಈ ‘ತಿರುವು ಕೀಲಿ’ನಲ್ಲಿ ಭುಜದ ಮೇಲಿನ ದೊಡ್ಡ ಸ್ನಾಯುವೊಂದೇ ತೋಳನ್ನು ಎತ್ತಬಲ್ಲದು.

ಗುಂಡ್ಲುಪೇಟೆಯ ಸೀಮೆಗೆ ದೊಡ್ಡಾಸ್ಪತ್ರೆ ಎಂದರೆ ಬಹುಕಾಲ ಮೈಸೂರೇ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಸೂರು ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಬಂತು. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದು 2016ರಲ್ಲಿ. ಗುಂಡ್ಲುಪೇಟೆಯಿಂದ ಮೈಸೂರಿಗೆ ಸುಮಾರು 60 ಕಿಲೋಮೀಟರ್. ಶಸ್ತ್ರಕ್ರಿಯೆಗೆ ಒಮ್ಮೆ ಹೋಗಿಬರಬಹುದು. ವಾರವಾರವೂ ಫಿಸಿಯೊಥೆರಪಿಗೆ ಬಸ್ಸು ಹತ್ತುವುದು ಹಿರಿಯರಿಗೆ ಸುಲಭವಲ್ಲ. ಹೀಗಾಗಿ ಚಿಕಿತ್ಸೆಯ ಉತ್ತರಾರ್ಧ ನಡೆಯಬೇಕಾದದ್ದು ಮನೆಯ ಪಡಸಾಲೆಯಲ್ಲೇ.

ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಕೈಯನ್ನು ಪಟ್ಟಿಯಲ್ಲಿ ತೂಗುಹಾಕಿರಬೇಕು. ಅಂಗಾತ ಮಲಗುವುದಕ್ಕಿಂತ ದಿಂಬುಗಳಿಗೆ ಒರಗಿ ಮಲಗಿದರೆ ನೋವು ಕಡಿಮೆ. ತೋಳು ತನ್ನ ಬಲದಿಂದ ಏಳಲು ಕಲಿಯುವುದು ಆಮೇಲೆ. ಬಲ ತುಂಬುವ ವ್ಯಾಯಾಮ ಸುಮಾರು ಮೂರು ತಿಂಗಳ ನಂತರ. ಪೂರ್ತಿ ಪ್ರಯೋಜನ ಕಾಣಲು ಆರು ತಿಂಗಳಿಂದ ಒಂದು ವರ್ಷ ಬೇಕು.

ಅಪಾಯ ಇರುವುದು ನೋವು ಇಳಿದ ಮೇಲೆ. ಕೈ ಊರಿ ಏಳುವುದು, ನೀರಿನ ಕೊಡ ಎತ್ತುವುದು, ಹುಲ್ಲಿನ ಹೊರೆಗೆ ಕೈ ಹಾಕುವುದು ಒಳಗಿನ ಹೊಲಿಗೆಯನ್ನು ಹರಿಯಬಲ್ಲವು. ತಿರುವು ಕೀಲಿನವರು ಬೆನ್ನ ಹಿಂದೆ ಕೈ ಒಯ್ದು ಸೀರೆಯನ್ನೋ ಪಂಚೆಯನ್ನೋ ಸಿಕ್ಕಿಸಲು ಹೋದರೆ ಕೀಲು ತಪ್ಪಬಹುದು. ಎಣ್ಣೆ ಹಚ್ಚಿ ತೋಳೆಳೆಯುವ ನಾಟಿ ಉಪಚಾರವಂತೂ ಬೇಡವೇ ಬೇಡ. ಹೆದರಿ ಕೈಯನ್ನು ಆಡಿಸದೆಯೇ ಇಟ್ಟರೆ ಕೀಲು ಬಿಗಿದುಕೊಳ್ಳುತ್ತದೆ. ಜ್ವರ, ಗಾಯದಲ್ಲಿ ಕೆಂಪು ಅಥವಾ ಕೀವು ಕಂಡರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯಬಾರದು.

ನೀರ್ ಅವರ ಕೀಲಿಗೂ ಗ್ರಾಮೋಂ ಅವರ ಕೀಲಿಗೂ ಪಥ್ಯ ಒಂದೇ ಅಲ್ಲ. ಹಾಗಾಗಿ ಆಸ್ಪತ್ರೆಯಿಂದ ಹೊರಡುವ ಮುನ್ನ ತಮಗೆ ಹಾಕಿರುವುದು ಯಾವ ಬಗೆಯ ಕೀಲು, ಯಾವ ಚಲನೆ ಎಷ್ಟು ವಾರ ಕೂಡದು ಎಂಬುದನ್ನು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳುವುದು ಲೇಸು. ಆ ಚೀಟಿ ರೋಗಿಯ ಕೈಯಲ್ಲಷ್ಟೇ ಅಲ್ಲ, ಮನೆಯಲ್ಲಿ ನೋಡಿಕೊಳ್ಳುವ ಸೊಸೆ, ಮಗ, ಮೊಮ್ಮಕ್ಕಳ ಕೈಯಲ್ಲೂ ಇರಬೇಕು.